ಅಜ್ಜಿಯನ್ನು ನೋಡಲು ಮಗುವನ್ನು ವಾರ್ಡಿಗೆ ಕರೆದೊಯ್ಯುವ ಮುನ್ನ

ಮನೆಯಲ್ಲಿ ಯಾರಾದರೂ ಆಸ್ಪತ್ರೆಗೆ ದಾಖಲಾದರೆ ಒಂದೆರಡು ದಿನದಲ್ಲಿ ಈ ಪ್ರಶ್ನೆ ಎದ್ದೇ ಏಳುತ್ತದೆ: ಪುಟ್ಟನನ್ನು ಕರೆದುಕೊಂಡು ಹೋಗುವುದೋ ಬೇಡವೋ? ನಮ್ಮ ಹಾಸನ, ಚಿಕ್ಕಮಗಳೂರು ಕಡೆ ಇದಕ್ಕೆ ಎರಡು ಸಿದ್ಧ ಉತ್ತರಗಳಿವೆ. "ಆಸ್ಪತ್ರೆಗೆ ಮಕ್ಕಳೇಕೆ, ಇಲ್ಲದ ಕಾಯಿಲೆ ಅಂಟಿಸಿಕೊಂಡು ಬರುತ್ತವೆ" ಎಂಬುದು ಒಂದು. ಇನ್ನೊಂದರಲ್ಲಿ ಮಾತುಕತೆಯೇ ಇರುವುದಿಲ್ಲ. ಎಲ್ಲರೂ ಜೀಪು ಹತ್ತಿ ಹೊರಡುತ್ತಾರೆ, ಮಡಿಲಲ್ಲಿದ್ದ ಕೂಸೂ ಹೊರಡುತ್ತದೆ. ಎರಡರಲ್ಲಿಯೂ ಮಗುವನ್ನು ಯಾರೂ ಕೇಳಿರುವುದಿಲ್ಲ, ಹಾಸಿಗೆಯಲ್ಲಿರುವವರನ್ನೂ ಕೇಳಿರುವುದಿಲ್ಲ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಮಗುವಿಗೆ ತೀರಾ ಹತ್ತಿರದವರು ಆಸ್ಪತ್ರೆಯಲ್ಲಿದ್ದರೆ, ಅಂಟುರೋಗದ ಭಯವಿಲ್ಲದಿದ್ದರೆ, ಮೂರು ವರ್ಷ ದಾಟಿದ ಮಗುವನ್ನು ನಿಜ ಹೇಳಿ, ಸಿದ್ಧಗೊಳಿಸಿ, ಹತ್ತು ನಿಮಿಷಕ್ಕೆ ಕರೆದೊಯ್ಯುವುದು ಒಳ್ಳೆಯದು. ದೂರದ ನೆಂಟರನ್ನು ನೋಡುವ ಶಿಷ್ಟಾಚಾರಕ್ಕಾಗಿ ಯಾವ ವಯಸ್ಸಿನ ಮಗುವನ್ನೂ ವಾರ್ಡಿಗೆ ಒಯ್ಯಬೇಕಾಗಿಲ್ಲ. ಚಿಕ್ಕಪ್ಪನ ಮಾವನವರಿಗೆ ಹರ್ನಿಯಾ ಆಪರೇಷನ್ ಆಗಿದ್ದರೆ ದೊಡ್ಡವರು ಹೋಗಿಬಂದರೆ ಸಾಕು. ಈ ಎರಡರ ನಡುವೆ ಬರುವ ಸಂದರ್ಭಗಳೇ ಹೆಚ್ಚು. ಅವನ್ನು ತೂಗಿ ನೋಡುವ ಕ್ರಮವನ್ನು ಹಂತ ಹಂತವಾಗಿ ಹೇಳುತ್ತೇನೆ.

ಮೊದಲ ಹಂತ: ವಾರ್ಡಿಗೆ ಕೇಳಿ

ಹೊರಡುವ ಹಿಂದಿನ ದಿನವೇ, ರೋಗಿಯ ಜೊತೆಗಿರುವವರ ಮೂಲಕ ವಾರ್ಡಿನ ಸಿಸ್ಟರ್ ಹತ್ತಿರ ಮೂರು ವಿಷಯ ಕೇಳಿಸಿ. ಈ ವಾರ್ಡಿಗೆ ಮಕ್ಕಳನ್ನು ಬಿಡುತ್ತೀರಾ? ನಮ್ಮವರ ಕಾಯಿಲೆ ಮಗುವಿಗೆ ಅಂಟುವಂಥದ್ದೇ? ಪಕ್ಕದ ಹಾಸಿಗೆಗಳಲ್ಲಿ ಅಂಟುವ ಕಾಯಿಲೆಯವರು ಇದ್ದಾರೆಯೇ? ಮೂರನೆಯ ಪ್ರಶ್ನೆಯನ್ನು ಹೆಚ್ಚಿನವರು ಕೇಳುವುದೇ ಇಲ್ಲ. ಹಾಸನದ ಶ್ರೀ ಚಾಮರಾಜೇಂದ್ರ ಆಸ್ಪತ್ರೆಯಾಗಲಿ ಚಿಕ್ಕಮಗಳೂರಿನ ಮಲ್ಲೇಗೌಡ ಜಿಲ್ಲಾ ಆಸ್ಪತ್ರೆಯಾಗಲಿ, ಇಡೀ ಜಿಲ್ಲೆಯ ರೋಗಿಗಳು ಬಂದು ಸೇರುವ ಜಾಗ. ನಿಮ್ಮ ಅಜ್ಜಿಗೆ ಕಾಲು ಮುರಿದಿರಬಹುದು, ಆಚೆ ಹಾಸಿಗೆಯವರಿಗೆ ಏನಾಗಿದೆ ಎಂಬುದು ಸಿಸ್ಟರ್‌ಗೆ ಮಾತ್ರ ಗೊತ್ತು. ಅವರು ಇನ್ನೊಬ್ಬರ ಕಾಯಿಲೆಯ ಹೆಸರು ಹೇಳುವುದಿಲ್ಲ, ಹೇಳಬಾರದು ಕೂಡ. "ಇವತ್ತು ಬೇಡಮ್ಮ" ಎಂದರೆ ಅಷ್ಟೇ ಸಾಕು, ಕಾರಣ ಕೆದಕಬೇಡಿ. ಬಾಗಿಲಲ್ಲಿ ನಿಂತ ಸೆಕ್ಯೂರಿಟಿಯವರೊಂದಿಗೆ ಮಗುವಿನ ಎದುರೇ ಜಗಳವಾಡುವ ಪ್ರಸಂಗವೂ ಆಗ ಬರುವುದಿಲ್ಲ.

ಕಾಯಿಲೆಗಳ ವಿಷಯದಲ್ಲಿ ನಮ್ಮಲ್ಲಿ ಗೊಂದಲ ಬಹಳ. ಅಂಟದ ಕಾಯಿಲೆಗೆ ಹೆದರಿ ಅಂಟುವ ಕಾಯಿಲೆಯ ಮುಂದೆ ಧೈರ್ಯವಾಗಿ ಕೂರುತ್ತೇವೆ. ಹೃದಯಾಘಾತ, ಲಕ್ವ, ಸಕ್ಕರೆ ಕಾಯಿಲೆ, ಮೂಳೆ ಮುರಿತ, ಕ್ಯಾನ್ಸರ್ ಯಾವುವೂ ರೋಗಿಯಿಂದ ಮಗುವಿಗೆ ಬರುವುದಿಲ್ಲ. ಮಳೆಗಾಲದಲ್ಲಿ ವಾರ್ಡು ತುಂಬುವ ಡೆಂಗಿ ಮುಟ್ಟಿದರೆ ಬರುವುದಿಲ್ಲ, ಹಗಲು ಕಚ್ಚುವ ಸೊಳ್ಳೆಯಿಂದ ಬರುತ್ತದೆ; ಮಗುವಿಗೆ ಪೂರ್ಣ ತೋಳಿನ ಬಟ್ಟೆ ಹಾಕಿದರೆ ಸರಿ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಮಂಗನ ಕಾಯಿಲೆಯ ಹೆಸರು ಕೇಳಿದರೆ ಜನ ಆ ಮನೆಯ ಅಂಗಳಕ್ಕೂ ಹೋಗುವುದಿಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಈ ಜ್ವರ ಉಣುಗು ಕಚ್ಚಿ ಬರುವಂಥದ್ದು, ಮನುಷ್ಯನಿಂದ ಮನುಷ್ಯನಿಗೆ ಹರಡುವುದಿಲ್ಲ.

ಮಗುವನ್ನು ದೂರವಿಡಲೇಬೇಕಾದವು ಬೇರೆ ಇವೆ. ದಡಾರ, ಸೀತಾಳೆ ಸಿಡುಬು, ಫ್ಲೂ, ಕೋವಿಡ್, ನಾಯಿಕೆಮ್ಮು, ವಾಂತಿಭೇದಿ, ಶ್ವಾಸಕೋಶದ ಕ್ಷಯ. ದಡಾರದ ವೈರಾಣು ರೋಗಿ ಕೋಣೆಯಿಂದ ಎದ್ದುಹೋದ ಮೇಲೂ ಎರಡು ಗಂಟೆಯವರೆಗೆ ಗಾಳಿಯಲ್ಲಿ ಉಳಿಯಬಲ್ಲದು. ಕ್ಷಯದ ಬಗ್ಗೆ ಇನ್ನೊಂದು ಮಾತು: ಮನೆಯ ಹಿರಿಯರಿಗೆ ಶ್ವಾಸಕೋಶದ ಕ್ಷಯವೆಂದು ಗೊತ್ತಾದರೆ, ಭೇಟಿಯ ಪ್ರಶ್ನೆಗಿಂತ ಮೊದಲು ಮಗುವಿನ ತಪಾಸಣೆ ಆಗಬೇಕು. ಅಷ್ಟು ದಿನ ಒಂದೇ ಸೂರಿನಡಿ ಮಲಗಿದ ಮಗು ಅದು. ಐದು ವರ್ಷದೊಳಗಿನ ಮಕ್ಕಳಿಗೆ ಕ್ಷಯ ಮೆದುಳಿನವರೆಗೆ ಹೋಗುವ ಅಪಾಯ ಹೆಚ್ಚು. ಬರದಂತೆ ತಡೆಯುವ ಮಾತ್ರೆಗಳನ್ನು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಕೊಡುತ್ತಾರೆ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ, ನಾಚಿಕೆಪಡಬೇಡಿ.

ಎರಡನೆಯ ಹಂತ: ಮಗುವಿನ ಮೂಗು ನೋಡಿ

ಸೋಂಕು ಆಸ್ಪತ್ರೆಯಿಂದ ಮಗುವಿಗೆ ಬರುತ್ತದೆ ಎಂದಷ್ಟೇ ಯೋಚಿಸುತ್ತೇವೆ. ಎಷ್ಟೋ ಬಾರಿ ಅದು ಮಗುವಿನಿಂದ ವಾರ್ಡಿಗೆ ಹೋಗುತ್ತದೆ. ಜೂನ್‌ನಲ್ಲಿ ಶಾಲೆ ತೆರೆದು, ಮಲೆನಾಡಿನ ಮಳೆ ಹಿಡಿದುಕೊಂಡ ಮೇಲೆ ಅಂಗನವಾಡಿ, ಎಲ್‌ಕೆಜಿ ಮಕ್ಕಳ ಮೂಗು ಸೋರುವುದು ನಿಲ್ಲುವುದೇ ದೀಪಾವಳಿಗೆ. ಮಗುವಿಗೆ ಅದು ಬರಿಯ ನೆಗಡಿ. ಕಿಮೋಥೆರಪಿ ತೆಗೆದುಕೊಳ್ಳುತ್ತಿರುವ ದೊಡ್ಡಮ್ಮನಿಗೆ, ಮೂತ್ರಪಿಂಡ ಕಸಿಯಾದ ಸೋದರಮಾವನಿಗೆ, ಎಂಬತ್ತು ದಾಟಿದ ಅಜ್ಜನ ಎದೆಗೆ ಅದೇ ನೆಗಡಿ ನ್ಯುಮೋನಿಯಾ ಆಗಬಹುದು. ಫ್ಲೂ ಬಂದ ಮಗು ದೊಡ್ಡವರಿಗಿಂತ ಹೆಚ್ಚು ದಿನ ವೈರಾಣು ಹರಡುತ್ತದೆ.

ಆದ್ದರಿಂದ ಕೆಮ್ಮು, ನೆಗಡಿ, ಜ್ವರ, ಮೈಮೇಲೆ ಗುಳ್ಳೆ, ಕಣ್ಣು ಕೆಂಪಾಗಿರುವುದು ಇವುಗಳಲ್ಲಿ ಒಂದಿದ್ದರೂ ಅವತ್ತು ಬೇಡ. ಭೇದಿಯಾಗಿದ್ದರೆ ನಿಂತ ಮೇಲೆ 48 ಗಂಟೆ ಕಳೆಯಲಿ. ಶಾಲೆಯಲ್ಲಿ ಯಾರಿಗಾದರೂ ಸೀತಾಳೆ ಸಿಡುಬು ಬಂದಿದ್ದು, ನಿಮ್ಮ ಮಗುವಿಗೆ ಅದು ಹಿಂದೆ ಬಂದಿರದಿದ್ದರೆ, ಲಸಿಕೆಯೂ ಆಗಿರದಿದ್ದರೆ, ಮೂರು ವಾರ ವಾರ್ಡಿನ ಕಡೆ ಬೇಡ. ಗುಳ್ಳೆ ಏಳುವ ಒಂದೆರಡು ದಿನ ಮೊದಲೇ ಅದು ಹರಡಲು ಶುರುವಾಗುತ್ತದೆ. ಈ ಲಸಿಕೆ ಸರ್ಕಾರದ ಉಚಿತ ಪಟ್ಟಿಯಲ್ಲಿಲ್ಲ, ಹಾಗಾಗಿ ಹೆಚ್ಚಿನ ಮಕ್ಕಳಿಗೆ ಆಗಿರುವುದಿಲ್ಲ. ದಡಾರ-ರುಬೆಲ್ಲಾ ಲಸಿಕೆ ಮಾತ್ರ ಪಟ್ಟಿಯಲ್ಲಿದೆ: ಒಂಬತ್ತು ತಿಂಗಳಿಗೆ ಒಂದು, 16ರಿಂದ 24 ತಿಂಗಳ ನಡುವೆ ಇನ್ನೊಂದು. ತಾಯಿ ಕಾರ್ಡ್ ತೆಗೆದು ಎರಡೂ ಆಗಿವೆಯೇ ನೋಡಿ.

ವರ್ಷ ತುಂಬದ ಕೂಸನ್ನು ನಾನಂತೂ ವಾರ್ಡಿಗೆ ಒಯ್ಯಬೇಡಿ ಎಂದೇ ಹೇಳುತ್ತೇನೆ. ದಾಖಲಾಗಿರುವುದು ಹಾಲೂಡಿಸುವ ತಾಯಿಯೇ ಆಗಿದ್ದರೆ ಮಾತು ಬೇರೆ. ಆಗ ವೈದ್ಯರ ಹತ್ತಿರ ಕುಳಿತು ಮಾತಾಡಿ ದಾರಿ ಕಂಡುಕೊಳ್ಳಬೇಕು.

ಮೂರನೆಯ ಹಂತ: ಹಾಸಿಗೆಯಲ್ಲಿರುವವರ ಒಪ್ಪಿಗೆ

ಮೊಮ್ಮಗಳನ್ನು ಕಂಡರೆ ಅಜ್ಜನಿಗೆ ಖುಷಿಯಾಗುತ್ತದೆ ಎಂದು ನಾವೇ ತೀರ್ಮಾನಿಸಿಬಿಡುತ್ತೇವೆ. ಗರಿಗರಿ ಬಿಳಿ ಪಂಚೆಯಲ್ಲಿ ಸಂತೆಗೆ ಹೋಗಿಬರುತ್ತಿದ್ದ ಮನುಷ್ಯ ಮೂತ್ರದ ಚೀಲ ತೂಗಿಹಾಕಿಕೊಂಡು, ಹಿಂದೆ ಗಂಟು ಕಟ್ಟುವ ಆಸ್ಪತ್ರೆಯ ಅಂಗಿಯಲ್ಲಿ ಮಗುವಿನ ಮುಂದೆ ಮಲಗಿರಲು ಒಪ್ಪದೆ ಇರಬಹುದು. "ನಾಡಿದ್ದು ಎದ್ದು ಕೂರುತ್ತೇನೆ, ಆಗ ಕರೆದುಕೊಂಡು ಬಾ" ಎಂದರೆ ನಾಡಿದ್ದಿನವರೆಗೆ ಕಾಯಿರಿ. ಲಕ್ವ ಹೊಡೆದು ಮಾತು ತೊದಲುವವರು, ಕೂದಲು ಉದುರಿದವರು ಇದನ್ನು ಬಾಯಿಬಿಟ್ಟು ಹೇಳದೆಯೂ ಇರಬಹುದು. ಒಬ್ಬರೇ ಇರುವಾಗ ಮೆಲ್ಲಗೆ ಕೇಳಿ.

ನಾಲ್ಕನೆಯ ಹಂತ: ಮಗುವಿಗೆ ನಿಜ ಹೇಳಿ

ಇಡೀ ಲೇಖನದಲ್ಲಿ ನಾನು ಹೆಚ್ಚು ಹೊತ್ತು ನಿಲ್ಲಬೇಕಾದ ಜಾಗ ಇದು. ಕರೆದೊಯ್ಯಲಿ ಬಿಡಲಿ, ಈ ಹಂತವನ್ನು ಬಿಡುವಂತಿಲ್ಲ.

ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಆಗುವುದೇನು? ರಾತ್ರಿ ಹನ್ನೊಂದಕ್ಕೆ ಅಜ್ಜಿಗೆ ಎದೆ ನೋವು, ಗಡಿಬಿಡಿ, 108 ಆಂಬುಲೆನ್ಸ್. ಬೆಳಿಗ್ಗೆ ಎದ್ದ ಮಗುವಿಗೆ "ಅಜ್ಜಿ ಊರಿಗೆ ಹೋಗಿದ್ದಾರೆ" ಎಂದು ಹೇಳುತ್ತೇವೆ. ಅಡುಗೆಮನೆಯಲ್ಲಿ ಅತ್ತೆ ಅಳುತ್ತಿರುವುದು ಮಗುವಿಗೆ ಕೇಳಿಸುತ್ತದೆ. ಫೋನಿನಲ್ಲಿ "ಐಸಿಯು" ಎಂಬ ಪದ ಕೇಳಿಸುತ್ತದೆ. ಅಜ್ಜಿಯ ಚಪ್ಪಲಿ ಬಾಗಿಲಲ್ಲೇ ಇರುವುದು ಕಾಣುತ್ತದೆ. ದೊಡ್ಡವರು ಸುಳ್ಳು ಹೇಳುವಷ್ಟು ಭಯಂಕರವಾದುದು ಏನೋ ನಡೆದಿದೆ ಎಂದು ಮಗು ಒಳಗೊಳಗೇ ಲೆಕ್ಕ ಹಾಕುತ್ತದೆ, ಆ ಲೆಕ್ಕ ನಿಜಕ್ಕಿಂತ ಕೆಟ್ಟದಾಗಿರುತ್ತದೆ.

ಮೂರರಿಂದ ಆರು ವರ್ಷದ ಮಕ್ಕಳಿಗೆ ಇನ್ನೊಂದು ಕಷ್ಟವಿದೆ. ತಾವು ಅಂದುಕೊಂಡದ್ದು, ಆಡಿದ್ದು, ಮಾಡಿದ್ದು ಹೊರಗಿನ ಘಟನೆಗೆ ಕಾರಣವಾಗುತ್ತದೆ ಎಂದು ಅವು ನಂಬುತ್ತವೆ. ಈ ವಯಸ್ಸಿನ ಯೋಚನೆಯ ರೀತಿಯನ್ನು ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ ವಿವರವಾಗಿ ತೋರಿಸಿಕೊಟ್ಟಿದ್ದಾರೆ. "ಅಜ್ಜಿ, ನೀನು ಬೇಡ ಹೋಗು" ಎಂದು ಊಟದ ಹೊತ್ತಿನಲ್ಲಿ ಹಟ ಮಾಡಿದ ಮಗು, ಅವತ್ತೇ ರಾತ್ರಿ ಅಜ್ಜಿ ಆಸ್ಪತ್ರೆಗೆ ಹೋದರೆ ತಾನೇ ಕಳಿಸಿದೆ ಎಂದುಕೊಳ್ಳುತ್ತದೆ. ಇದನ್ನು ಅದು ಯಾರಿಗೂ ಹೇಳುವುದಿಲ್ಲ. "ನೀವು ಗಲಾಟೆ ಮಾಡಿ ಮಾಡಿಯೇ ಅಜ್ಜಿಗೆ ಬಿಪಿ ಏರಿದ್ದು" ಎಂದು ಬೇಸರದಲ್ಲಿ ನಾವು ಆಡುವ ಮಾತು ಆ ನಂಬಿಕೆಗೆ ಮೊಳೆ ಹೊಡೆದಂತೆ. ದಯವಿಟ್ಟು ಆ ಮಾತನ್ನು ಯಾರೂ ಆಡಬೇಡಿ.

ಹಾಗಾದರೆ ಹೇಗೆ ಹೇಳುವುದು? ಕಾಯಿಲೆ ಎಲ್ಲಿದೆ ಎಂದು ಹೇಳಿ, ಯಾರು ನೋಡಿಕೊಳ್ಳುತ್ತಿದ್ದಾರೆ ಎಂದು ಹೇಳಿ, ಮಗುವಿನಿಂದ ಬಂದದ್ದಲ್ಲ ಎಂದು ಹೇಳಿ. "ಪುಟ್ಟಿ, ಅಜ್ಜಿಯ ಎದೆಯೊಳಗೆ ಹೃದಯ ಇದೆಯಲ್ಲ, ಅದಕ್ಕೆ ರಕ್ತ ಹೋಗುವ ದಾರಿ ಕಟ್ಟಿಕೊಂಡಿತ್ತು. ಡಾಕ್ಟರು ಅದನ್ನು ಸರಿ ಮಾಡುತ್ತಿದ್ದಾರೆ. ನೀನು ಏನೋ ಮಾಡಿದ್ದಕ್ಕೆ ಆಗಿದ್ದಲ್ಲ. ಅದು ನಿನಗೂ ಅಂಟುವುದಿಲ್ಲ, ನನಗೂ ಅಂಟುವುದಿಲ್ಲ." ಇಷ್ಟು ಸಾಕು. ಉಳಿದದ್ದನ್ನು ಮಗುವೇ ಕೇಳುತ್ತದೆ, ಕೇಳಿದಷ್ಟಕ್ಕೆ ಉತ್ತರಿಸಿ. ಅದೇ ಪ್ರಶ್ನೆಯನ್ನು ಹತ್ತು ಸಲ ಕೇಳಿದರೆ ಹತ್ತು ಸಲವೂ ಅದೇ ಉತ್ತರ ಕೊಡಿ.

"ಅಜ್ಜಿ ಬೇಗ ವಾಸಿಯಾಗಿ ಬರುತ್ತಾರಾ?" ಎಂಬುದಕ್ಕೆ ಭರವಸೆಯ ಸುಳ್ಳು ಬಾಯಿಗೆ ಬಂದುಬಿಡುತ್ತದೆ. ಗೊತ್ತಿಲ್ಲದಿದ್ದರೆ "ಡಾಕ್ಟರು ತುಂಬಾ ಪ್ರಯತ್ನ ಮಾಡುತ್ತಿದ್ದಾರೆ, ಗೊತ್ತಾದ ತಕ್ಷಣ ನಿನಗೆ ಹೇಳುತ್ತೇನೆ" ಎನ್ನಿ, ಗೊತ್ತಾದಾಗ ನಿಜವಾಗಿಯೂ ಹೇಳಿ. ಪ್ರಜ್ಞೆ ಇಲ್ಲದವರನ್ನು "ನಿದ್ದೆ ಮಾಡುತ್ತಿದ್ದಾರೆ" ಎನ್ನಬೇಡಿ. ಅವತ್ತಿನಿಂದ ಮಗು ಮಲಗಲು ಹೆದರಬಹುದು. ಊಟ ಮಾಡದಿದ್ದರೆ ಸೂಜಿ ಚುಚ್ಚಿಸುತ್ತೇನೆ ಎಂದು ಇಷ್ಟು ದಿನ ಹೆದರಿಸುತ್ತಿದ್ದ ಮನೆಯಾದರೆ ಆ ಅಭ್ಯಾಸವನ್ನು ಅವತ್ತೇ ಬಿಡಿ. ಅದೇ ಸೂಜಿಯವರ ಹತ್ತಿರ ಅಜ್ಜಿಯನ್ನು ಬಿಟ್ಟು ಬಂದಿದ್ದೀರಿ.

ಕರೆದೊಯ್ಯುವುದೆಂದಾದರೆ ಕಾಣುವುದನ್ನು ಮೊದಲೇ ಬಣ್ಣಿಸಿ. ಕೈಗೆ ಸೂಜಿ ಹಾಕಿ ಪ್ಲಾಸ್ಟರ್ ಅಂಟಿಸಿರುತ್ತಾರೆ, ಮೇಲೆ ಗ್ಲೂಕೋಸ್ ಬಾಟಲಿ ನೇತಾಡುತ್ತಿರುತ್ತದೆ, ಮೂಗಿನಲ್ಲಿ ಸಣ್ಣ ಕೊಳವೆ ಇದ್ದರೆ ಅದರಲ್ಲಿ ಊಟವೋ ಆಮ್ಲಜನಕವೋ ಹೋಗುತ್ತದೆ, ಫಿನಾಯಿಲ್ ವಾಸನೆ ಬರುತ್ತದೆ, ಯಾರೋ ನೋವಿಗೆ ಕೂಗಬಹುದು. ಜೊತೆಗಿರುವವರಿಂದ ಒಂದು ಫೋಟೋ ತರಿಸಿ, ಅಜ್ಜಿಯ ಒಪ್ಪಿಗೆಯೊಂದಿಗೆ, ಮಗುವಿಗೆ ತೋರಿಸಿ. ಆಮೇಲೆ ಕೇಳಿ: ಹೋಗೋಣವಾ? "ಬೇಡ" ಎಂದರೆ ಬೇಡ. "ಅಷ್ಟು ಮುದ್ದು ಮಾಡುತ್ತಿದ್ದ ಅಜ್ಜಿಯನ್ನು ನೋಡುವುದಿಲ್ಲವಾ?" ಎಂದು ಅಳುಕು ಹುಟ್ಟಿಸಬೇಡಿ. ನಾಳೆ ಅದೇ ಮಗು "ಹೋಗೋಣ" ಎನ್ನಬಹುದು.

ಎರಡು ವರ್ಷದೊಳಗಿನ ಮಗುವಿಗೆ ಈ ವಿವರಣೆ ತಲುಪುವುದಿಲ್ಲ. ಅದಕ್ಕೆ ಬೇಕಾದದ್ದು ಎತ್ತಿಕೊಳ್ಳುವ ಪರಿಚಿತ ಕೈ, ಹೊತ್ತಿಗೆ ಊಟ, ನಿದ್ದೆ. ಏಳೆಂಟು ದಾಟಿದವರು ಸಾವಿನ ಬಗ್ಗೆಯೇ ನೇರವಾಗಿ ಕೇಳುತ್ತಾರೆ, ನೇರವಾಗಿಯೇ ಉತ್ತರಿಸಬೇಕು.

ಐದನೆಯ ಹಂತ: ಹೊರಡುವ ದಿನದ ತಯಾರಿ

ಆಸ್ಪತ್ರೆಯಿಂದ ಆಸ್ಪತ್ರೆಗೆ ಭೇಟಿಯ ಸಮಯ ಬೇರೆ. ಯಾವುದೇ ಆಗಿರಲಿ, ಸಮಯ ಶುರುವಾಗುವ ಮೊದಲ ಗುಂಪಿನೊಂದಿಗೆ ಒಳಗೆ ನುಗ್ಗಬೇಡಿ, ಜನ ಕರಗುವವರೆಗೆ ಕಾಯಿರಿ. ಭಾನುವಾರ ಸಂಜೆ ಬೇಡವೇ ಬೇಡ. ಮಗುವಿಗೆ ಹೊಟ್ಟೆ ತುಂಬಿರಲಿ, ನಿದ್ದೆ ಆಗಿರಲಿ. ಆಸ್ಪತ್ರೆಯ ಶೌಚಾಲಯದ ಪ್ರಸಂಗ ತಪ್ಪಿಸಲು ಮೊದಲೇ ಎಲ್ಲಾದರೂ ಮುಗಿಸಿಕೊಳ್ಳಿ.

ದಾರಿಯ ಲೆಕ್ಕವನ್ನೂ ಹಾಕಿ. ಸಕಲೇಶಪುರದಿಂದ ಹಾಸನಕ್ಕೆ ಸುಮಾರು ನಲವತ್ತು ಕಿಲೋಮೀಟರ್, ಮೂಡಿಗೆರೆಯಿಂದ ಚಿಕ್ಕಮಗಳೂರಿಗೆ ಮೂವತ್ತು. ಅಷ್ಟಾದರೆ ಪರವಾಗಿಲ್ಲ. ಆದರೆ ಕೊಟ್ಟಿಗೆಹಾರ, ಚಾರ್ಮಾಡಿ ಘಾಟಿ ಇಳಿದು ಮಂಗಳೂರಿನ ಆಸ್ಪತ್ರೆಗೆ, ತಿರುವುಗಳಲ್ಲಿ ವಾಂತಿ ಮಾಡುತ್ತಾ ಹೋದ ನಾಲ್ಕು ವರ್ಷದ ಮಗುವಿಗೆ ಕೊನೆಗೆ ಸಿಗುವುದು ಹತ್ತು ನಿಮಿಷ. ರೋಗಿ ಮೂರು ನಾಲ್ಕು ದಿನದಲ್ಲಿ ಡಿಸ್ಚಾರ್ಜ್ ಆಗುವವರಾದರೆ ಅಂಥ ಪ್ರಯಾಣ ಬೇಡ. ವಾರಗಟ್ಟಲೆ ಅಲ್ಲಿಯೇ ಇರಬೇಕಾದ ತಂದೆಯೋ ತಾಯಿಯೋ ಆಗಿದ್ದರೆ ಖಂಡಿತ ಬೇಕು.

ಇಬ್ಬರು ದೊಡ್ಡವರು ಹೋಗಬೇಕು. ಒಬ್ಬರು ರೋಗಿಯ ಹತ್ತಿರ ಮಾತಾಡಲು, ಇನ್ನೊಬ್ಬರು ಮಗು "ಸಾಕು" ಎಂದ ಕ್ಷಣವೇ ಎತ್ತಿಕೊಂಡು ಹೊರಬರಲು. ಆ ಎರಡನೆಯವರು ರೋಗಿಯನ್ನು ನೋಡಿ ತಾವೇ ಅಳುವವರಾಗಿರಬಾರದು.

ಆರನೆಯ ಹಂತ: ವಾರ್ಡಿನೊಳಗೆ

ಒಳಹೋಗುವ ಮೊದಲು ಕೈ ತೊಳೆಸಿ. ಸೋಪಿನಲ್ಲಾದರೆ ಬೆರಳ ಸಂದು, ಹೆಬ್ಬೆರಳು, ಉಗುರಿನ ತುದಿ ಸೇರಿ 40ರಿಂದ 60 ಸೆಕೆಂಡು. ಬಾಗಿಲಲ್ಲಿರುವ ಸ್ಯಾನಿಟೈಸರ್ ಆದರೆ ಒಣಗುವವರೆಗೆ 20ರಿಂದ 30 ಸೆಕೆಂಡು ಉಜ್ಜಬೇಕು. ವಾಂತಿಭೇದಿಯ ಕೆಲವು ರೋಗಾಣುಗಳು ಸ್ಯಾನಿಟೈಸರ್‌ಗೆ ಬಗ್ಗುವುದಿಲ್ಲ, ಸೋಪು ನೀರೇ ಬೇಕು. ಎರಡು ವರ್ಷದೊಳಗಿನ ಮಗುವಿಗೆ ಮಾಸ್ಕ್ ಹಾಕಬಾರದು, ಉಸಿರು ಕಟ್ಟುವ ಅಪಾಯವಿದೆ.

ಮಗುವನ್ನು ನೆಲಕ್ಕೆ ಬಿಡಬೇಡಿ, ಖಾಲಿ ಕಂಡ ಪಕ್ಕದ ಹಾಸಿಗೆಯ ಮೇಲೆ ಕೂರಿಸಬೇಡಿ. ನಿಮ್ಮ ರೋಗಿಯ ಹಾಸಿಗೆಯ ಮೇಲೂ ಸಿಸ್ಟರ್ ಒಪ್ಪಿದರೆ ಮಾತ್ರ. ವಾರ್ಡಿನಲ್ಲಿ ಮಗುವಿಗೆ ಏನನ್ನೂ ತಿನ್ನಿಸಬೇಡಿ. ನೋಡಲು ಬಂದವರು ತಂದ ಬ್ರೆಡ್ಡು, ಬಾಳೆಹಣ್ಣು, ಸೇಬು ಹಾಸಿಗೆ ಪಕ್ಕದ ಸಣ್ಣ ಕಪಾಟಿನ ಮೇಲೆ ಸಾಲಾಗಿರುತ್ತವೆ. ಅಜ್ಜಿ ಪ್ರೀತಿಯಿಂದ ಅರ್ಧ ಬಾಳೆಹಣ್ಣು ಮುರಿದು ಕೊಡುತ್ತಾರೆ. "ಮನೆಗೆ ಹೋಗಿ ತಿನ್ನುತ್ತಾನೆ ಅಮ್ಮ" ಎಂದು ಚೀಲಕ್ಕೆ ಹಾಕಿಕೊಳ್ಳಿ, ಮನೆಯಲ್ಲಿ ತೊಳೆದು ಕೊಡಿ.

ಮಗುವಿಗೆ ಒಂದು ಕೆಲಸ ಕೊಟ್ಟರೆ ಭೇಟಿ ಸಲೀಸಾಗುತ್ತದೆ. ತಾನು ಬರೆದ ಚಿತ್ರವನ್ನು ಕೊಡುವುದು, ಅಂಗಳದ ಹಸು ಕರು ಹಾಕಿದ ಸುದ್ದಿ ಹೇಳುವುದು, ಅಜ್ಜಿಯ ಕನ್ನಡಕ ಒರೆಸಿಕೊಡುವುದು. ಸೂಜಿ ಇಲ್ಲದ ಕೈಯನ್ನು ಮುಟ್ಟಬಹುದು ಎಂದು ತೋರಿಸಿ. ಮುಟ್ಟಲು ಹಿಂಜರಿದರೆ ಒತ್ತಾಯಿಸಬೇಡಿ, "ಅಜ್ಜಿಗೆ ಮುತ್ತು ಕೊಡು" ಎಂದು ಎಲ್ಲರೆದುರು ತಳ್ಳಬೇಡಿ. ದೂರ ನಿಂತು ಕೈಬೀಸಿದರೂ ಭೇಟಿಯೇ. ಹತ್ತು ನಿಮಿಷವಾದ ಮೇಲೆ ಹೊರಡಿ, ಮಗು ಉತ್ಸಾಹದಲ್ಲಿದ್ದರೂ ಹೊರಡಿ. ರೋಗಿ ದಣಿದಿರುತ್ತಾರೆ, ಮೊಮ್ಮಗನ ಮುಂದೆ ಹೇಳಿಕೊಳ್ಳುವುದಿಲ್ಲ.

ಪಕ್ಕದ ಹಾಸಿಗೆಯ ಹತ್ತಿರ ಡಾಕ್ಟರು, ಸಿಸ್ಟರ್‌ಗಳು ಓಡಿಬಂದು ಸೇರಿದರೆ ಏನೂ ಕೇಳದೆ ಮಗುವನ್ನು ಎತ್ತಿಕೊಂಡು ಹೊರಡಿ. ಮೊಬೈಲಿನಲ್ಲಿ ವೀಡಿಯೊ ತೆಗೆಯುವವರಿಗೆ ಒಂದು ವಿನಂತಿ: ಆಚೆ ಹಾಸಿಗೆಯಲ್ಲಿ ಸೆರಗು ಜಾರಿದ ಸ್ಥಿತಿಯಲ್ಲಿ ಮಲಗಿರುವ ಹೆಂಗಸು ಯಾರದೋ ಮನೆಯ ಅಜ್ಜಿ. ನಿಮ್ಮ ಕುಟುಂಬದ ವಾಟ್ಸ್ಯಾಪ್ ಗುಂಪಿನಲ್ಲಿ ಅವರು ಬರಬಾರದು.

ಹೊರಬಂದ ಕೂಡಲೇ ಮತ್ತೆ ಕೈ ತೊಳೆಸಿ. ಮನೆಗೆ ಬಂದು ಬಟ್ಟೆ ಬದಲಿಸಿ ಸ್ನಾನ ಮಾಡಿಸುವ ಹಿರಿಯರ ಪದ್ಧತಿ ಒಳ್ಳೆಯದೇ, ಬಿಡಬೇಡಿ.

ಬಾಣಂತಿ ವಾರ್ಡಿನ ಮಾತು ಬೇರೆ

ಇಲ್ಲಿ ಕಾಯಿಲೆ ಇಲ್ಲವೆಂದು ಎಲ್ಲರೂ ಮಕ್ಕಳನ್ನು ಕಟ್ಟಿಕೊಂಡು ಬರುತ್ತಾರೆ. ಆದರೆ ಇಡೀ ಆಸ್ಪತ್ರೆಯಲ್ಲಿ ಸೋಂಕಿಗೆ ಅತಿ ಸುಲಭವಾಗಿ ಸಿಕ್ಕಿಬೀಳುವವರು ಆ ಎರಡು ದಿನದ ಕೂಸುಗಳು. ದೊಡ್ಡ ಮಗುವಿನ ನಾಯಿಕೆಮ್ಮು ಬರಿಯ ಕೆಮ್ಮಿನಂತೆ ಕಾಣಬಹುದು, ಅದೇ ಕೂಸಿನ ಉಸಿರು ನಿಲ್ಲಿಸಬಲ್ಲದು. ಕೂಸಿನ ಅಕ್ಕನೋ ಅಣ್ಣನೋ ಆದ ಮಗು ಮಾತ್ರ ಬರಲಿ, ಅದೂ ಆರೋಗ್ಯವಾಗಿದ್ದರೆ. ಆ ಮಗುವಿಗೆ ಇದು ಬೇಕೇ ಬೇಕು: ಅಮ್ಮ ಎಲ್ಲಿ ಹೋದಳು ಎಂದು ರಾತ್ರಿ ಅತ್ತು ಮಲಗಿರುತ್ತದೆ. ಅದು ಒಳಬರುವಾಗ ಕೂಸು ತಾಯಿಯ ತೋಳಿನಲ್ಲಿರದೆ ಪಕ್ಕದಲ್ಲಿ ಮಲಗಿರಲಿ, ತಾಯಿಯ ಎರಡು ಕೈಯೂ ಮೊದಲು ಬಂದ ಮಗುವಿಗೆ ಸಿಗಲಿ. ಕೂಸಿನ ಪಾದ ಮುಟ್ಟಿಸಿ, ಮುಖಕ್ಕೆ ಮುತ್ತು ಬೇಡ. ಅತ್ತೆ, ಚಿಕ್ಕಮ್ಮನ ಮಕ್ಕಳೆಲ್ಲ ನಾಮಕರಣಕ್ಕೆ ಬಂದು ನೋಡಲಿ.

ಮಗುವನ್ನು ಬಿಟ್ಟು ಬರಲು ಯಾರೂ ಇಲ್ಲದಿದ್ದರೆ

ಇದುವರೆಗೆ ಹೇಳಿದ್ದೆಲ್ಲ ಆಯ್ಕೆ ಇರುವವರಿಗೆ. ಡಿಸೆಂಬರಿನಿಂದ ಫೆಬ್ರವರಿಯವರೆಗೆ ಕಾಫಿ ಕೊಯ್ಲಿನ ಕಾಲದಲ್ಲಿ, ತೋಟದ ಲೈನ್ ಮನೆಯಲ್ಲಿರುವ ತಾಯಿಯೊಬ್ಬಳು ಗಂಡನನ್ನು ಜಿಲ್ಲಾ ಆಸ್ಪತ್ರೆಗೆ ಸೇರಿಸಿದರೆ ಮಗುವನ್ನು ಯಾರ ಹತ್ತಿರ ಬಿಡಬೇಕು? ಸುತ್ತಲಿನವರೆಲ್ಲ ಕೊಯ್ಲಿಗೆ ಹೋಗಿರುತ್ತಾರೆ. ಮಗು ಅವಳೊಂದಿಗೇ ಬರುತ್ತದೆ, ರಾತ್ರಿ ಮಂಚದ ಕೆಳಗೆ ಚಾಪೆಯ ಮೇಲೆ ಮಲಗುತ್ತದೆ. ಹತ್ತು ನಿಮಿಷದ ಭೇಟಿಗಿಂತ ಒಂದು ರಾತ್ರಿಯ ಆ ಚಾಪೆ ಹೆಚ್ಚು ಅಪಾಯ. ಅವಳನ್ನು ಬೈದು ಪ್ರಯೋಜನವಿಲ್ಲ. ಸಿಸ್ಟರ್ ಹತ್ತಿರ ಪರಿಸ್ಥಿತಿ ಹೇಳಿಕೊಂಡರೆ ಮೂಲೆಯ ಹಾಸಿಗೆಯನ್ನೋ ಕಿಟಕಿ ಪಕ್ಕದ್ದನ್ನೋ ಕೊಡಿಸಲು ಅವರು ಪ್ರಯತ್ನಿಸಬಹುದು. ಹಗಲು ಸಂಬಂಧಿಕರು ಯಾರಾದರೂ ಬಂದರೆ ಅವರು ರೋಗಿಯ ಹತ್ತಿರ ಕೂರಲಿ, ತಾಯಿ ಮಗುವನ್ನು ಹೊರಗೆ ಮರದ ನೆರಳಿಗೆ ಕರೆದುಕೊಂಡು ಹೋಗಲಿ. ಚಾಪೆಯ ಕೆಳಗೆ ಪ್ಲಾಸ್ಟಿಕ್ ಹಾಳೆ, ಮೇಲೆ ಸೊಳ್ಳೆ ಪರದೆ, ಮಗುವಿಗೇ ಬೇರೆ ಲೋಟ, ತಟ್ಟೆ. ತೋಟದ ಮಾಲೀಕರು ಇದನ್ನು ಓದುತ್ತಿದ್ದರೆ, ಅಂಥ ವಾರದಲ್ಲಿ ನೆರೆಮನೆಯ ಒಬ್ಬ ಹೆಂಗಸಿಗೆ ಕೂಲಿ ಕೊಟ್ಟು ಆ ಮಗುವನ್ನು ನೋಡಿಕೊಳ್ಳಲು ಹೇಳಿ. ದೊಡ್ಡ ಖರ್ಚಲ್ಲ.

ಐಸಿಯು, ಮತ್ತು ಉಳಿಯುವುದು ಕಷ್ಟವೆಂದಾಗ

ತೀವ್ರ ನಿಗಾ ಘಟಕಕ್ಕೆ ಮಕ್ಕಳನ್ನು ಸಾಮಾನ್ಯವಾಗಿ ಬಿಡುವುದಿಲ್ಲ. ಹೆಚ್ಚಿನ ಸಂದರ್ಭಗಳಲ್ಲಿ ಅದು ಸರಿ. ಬಾಯಲ್ಲಿ ಕೊಳವೆ, ಊದಿದ ಮುಖ, ಕೊಳವೆ ಕಿತ್ತುಕೊಳ್ಳದಂತೆ ಮಂಚಕ್ಕೆ ಕಟ್ಟಿದ ಕೈ, ಒಂದಾದ ಮೇಲೊಂದು ಕೂಗುವ ಯಂತ್ರಗಳು. ಸಿದ್ಧಗೊಳ್ಳದ ಮಗುವಿಗೆ ಈ ದೃಶ್ಯ ಕನಸಿನಲ್ಲಿ ಬರುತ್ತದೆ.

ಆದರೆ ಒಳಗಿರುವುದು ಅಪ್ಪನೋ ಅಮ್ಮನೋ ಆಗಿದ್ದು, ವೈದ್ಯರು ಆಸೆ ಕಡಿಮೆ ಎಂದಿದ್ದರೆ, ನಾನು ಪಟ್ಟು ಹಿಡಿದು ಅನುಮತಿ ಕೇಳಿ ಎನ್ನುತ್ತೇನೆ. ಐದಾರು ವರ್ಷದ ಮಗುವಿಗೂ ಹೋಗಿಬರುವ ಅವಕಾಶ ಕೊಡಬೇಕು. ಎರಡು ನಿಮಿಷ ಸಾಕು. ಹಗ್ಗ ಬಿಚ್ಚಿಸಿ, ಮುಖ ಒರೆಸಿ, ರಕ್ತದ ಕಲೆಯಿದ್ದ ಹೊದಿಕೆ ಬದಲಿಸಿಕೊಡಲು ಸಿಸ್ಟರ್‌ಗೆ ಕೇಳಿಕೊಳ್ಳಿ. "ಅಪ್ಪನಿಗೆ ಈಗ ಮಾತಾಡಲು ಆಗುವುದಿಲ್ಲ. ಕೇಳಿಸುತ್ತಿರಬಹುದು. ನಿನಗೆ ಏನು ಹೇಳಬೇಕೋ ಹೇಳು" ಎನ್ನಿ. ಮಗು ಬರಿಯ "ಅಪ್ಪಾ" ಎಂದು ಕರೆದು ಸುಮ್ಮನಾಗಬಹುದು. "ನೀನು ಚಿಕ್ಕವನು, ನಿನಗೆ ತಿಳಿಯುವುದಿಲ್ಲ ಎಂದು ಕರೆದುಕೊಂಡು ಹೋಗಲಿಲ್ಲ" ಎಂಬ ಮಾತನ್ನು ದೊಡ್ಡವರಾದ ಮೇಲೂ ನೋವಿನಿಂದ ನೆನೆಯುವವರನ್ನು ನಾನು ಬಲ್ಲೆ. ಹೋಗುವುದಿಲ್ಲ ಎಂದು ಮಗುವೇ ಹೇಳಿದರೆ ಅದರ ಚಿತ್ರವನ್ನೋ ಒಂದು ಆಟಿಕೆಯನ್ನೋ ಒಳಗೆ ಕಳಿಸಿ, ಅಪ್ಪನ ದಿಂಬಿನ ಪಕ್ಕ ಇಟ್ಟೆವು ಎಂದು ತಿಳಿಸಿ. ಇಟ್ಟಿದ್ದರೆ ಮಾತ್ರ ಹೇಳಿ.

ಹೋಗಲಾಗದಿದ್ದರೆ

ವೀಡಿಯೊ ಕರೆ ಒಳ್ಳೆಯ ದಾರಿ, ಆದರೆ ಹೊತ್ತು ನೋಡಿ ಮಾಡಬೇಕು. ಬೆಳಗಿನ ರೌಂಡ್ಸ್ ಮುಗಿದು, ರೋಗಿ ಮುಖ ತೊಳೆದು, ತಲೆ ಬಾಚಿಕೊಂಡ ಮೇಲೆ ಮೂರು ನಾಲ್ಕು ನಿಮಿಷ. ಪರದೆಯಲ್ಲಿ ಮುಖ ಕಂಡು ಮಗು ಅಳಲು ಶುರುಮಾಡಿದರೆ ಧ್ವನಿ ಮಾತ್ರ ಸಾಕು. ಅಜ್ಜಿ ಹೇಳುತ್ತಿದ್ದ ಕಥೆಯನ್ನೋ ಹಾಡುತ್ತಿದ್ದ ಹಾಡನ್ನೋ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು ಬಂದು ಮಲಗುವ ಹೊತ್ತಿಗೆ ಕೇಳಿಸಬಹುದು. ವಾರ್ಡು ಕೆಳಮಹಡಿಯಲ್ಲೋ ಮೊದಲ ಮಹಡಿಯಲ್ಲೋ ಇದ್ದರೆ ಆಸ್ಪತ್ರೆಯ ಅಂಗಳದಲ್ಲಿ ನಿಂತು ಕಿಟಕಿಗೆ ಕೈಬೀಸುವುದೂ ಆಗುತ್ತದೆ, ಅಂಟುರೋಗವಿದ್ದಾಗ ಇದೇ ಉತ್ತಮ.

ಭೇಟಿಯ ನಂತರದ ದಿನಗಳು

ಅವತ್ತು ರಾತ್ರಿ ಮಲಗಿಸುವಾಗ "ಏನೇನು ನೋಡಿದೆ?" ಎಂದು ಕೇಳಿ ಸುಮ್ಮನೆ ಕೇಳಿಸಿಕೊಳ್ಳಿ. ದೊಡ್ಡವರ ಕಣ್ಣಿಗೆ ಬೀಳದ ಏನೋ ಒಂದು ಮಗುವಿಗೆ ಅಂಟಿಕೊಂಡಿರುತ್ತದೆ, ಪಕ್ಕದ ಮಂಚದ ತಾತ ಒಬ್ಬರೇ ಇದ್ದರು ಎಂಬಂಥದ್ದು. ಮರುದಿನ ಗೊಂಬೆಗೆ ಗ್ಲೂಕೋಸ್ ಹಾಕುವ ಆಟ ಶುರುವಾದರೆ "ಅಪಶಕುನ" ಎಂದು ಗದರಬೇಡಿ. ನೋಡಿದ್ದನ್ನು ಜೀರ್ಣಿಸಿಕೊಳ್ಳುವ ದಾರಿ ಅದು. ಕೆಲವು ದಿನ ಹಾಸಿಗೆ ಒದ್ದೆಯಾಗುವುದು, ಅಮ್ಮನ ಸೆರಗು ಬಿಡದಿರುವುದು, ಹಟ ಹೆಚ್ಚುವುದು ಸಹಜ. ಶಾಲೆಯ ಟೀಚರಿಗೆ ಒಂದು ಮಾತು ತಿಳಿಸಿರಿ. ವಾರಗಳು ಕಳೆದರೂ ನಿದ್ದೆ, ಊಟ, ಆಟ ಮೊದಲಿನಂತಾಗದಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ, ಇಲ್ಲವೇ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಅಲ್ಲಿ ಕನ್ನಡದಲ್ಲಿ ಮಾತಾಡಬಹುದು, ಕರೆ ಉಚಿತ.

ಡಿಸ್ಚಾರ್ಜ್ ಆದ ದಿನವನ್ನು ಮರೆಯಬೇಡಿ. ಅಜ್ಜಿ ವಾಕರ್ ಹಿಡಿದು ಬರುತ್ತಾರೆ, ಮೊದಲಿನಂತೆ ಎತ್ತಿಕೊಳ್ಳಲಾರರು, ಜಗಲಿಯ ಬದಲು ಒಳಕೋಣೆಯಲ್ಲಿ ಮಲಗುತ್ತಾರೆ, ಬೇಗ ರೇಗಲೂಬಹುದು. ಇದನ್ನು ಕಾರು ಅಂಗಳಕ್ಕೆ ಬರುವ ಮೊದಲೇ ಮಗುವಿಗೆ ಹೇಳಿ. ವಾರ್ಡಿಗೆ ಹೋಗದೆ ಮನೆಯಲ್ಲೇ ಉಳಿದಿದ್ದ ಮಗುವಿಗಂತೂ ಇನ್ನೂ ಬಿಡಿಸಿ ಹೇಳಬೇಕು, ಏಕೆಂದರೆ ಅದು ಕಾಯುತ್ತಿರುವುದು ಹಿಂದಿನ ಅಜ್ಜಿಗಾಗಿ. ಅಜ್ಜಿಯ ಮಾತ್ರೆಗಳ ಚೀಲವನ್ನು ಮಗುವಿನ ಕೈಗೆಟುಕದ ಎತ್ತರದಲ್ಲಿ ಇಡಲು ಅವತ್ತೇ ಒಂದು ಜಾಗ ಮಾಡಿ.